ಕುರ್ವೆಗೆ ಬಂದ ಮಣ್ಣು

ಶರಾವತಿ ಕಡಲು ಸೇರುವಲ್ಲಿ, ನದಿಯೇ ಮಣ್ಣು ತಂದು ಕಟ್ಟಿದ ಪುಟ್ಟ ನಡುಗಡ್ಡೆಯಾದ ಕುರ್ವೆಯ ಸುತ್ತ, ಬಲೆಗಳು ಕೆಲಸ ಮಾಡುತ್ತಿದ್ದವು. ಅವು ಹಿಡಿಯುತ್ತಿದ್ದದ್ದು ಮೀನನ್ನಲ್ಲ, ಮಣ್ಣನ್ನು. ನೆರೆಯ ಕೆಂಪು ನೀರು ಒಂದು ಬದಿಯಿಂದ ನುಗ್ಗಿ, ಇನ್ನೊಂದು ಬದಿಯಿಂದ ತಿಳಿಯಾಗಿ ಹೊರಬೀಳುತ್ತಿತ್ತು.

ಇಸವಿ ೨೦೬೪ರ ಆಷಾಢ ಅಮಾವಾಸ್ಯೆ. ವರ್ಷದ ದೊಡ್ಡ ಭರತ, ಕಡಲಿನ ಉಬ್ಬರ, ಮಧ್ಯಾಹ್ನ ಹನ್ನೆರಡಕ್ಕೆ. ಏರುತ್ತಲೇ ಇದ್ದ ಕಡಲು ಅಂದು ಒಡ್ಡು ದಾಟಿ ಗದ್ದೆಗೆ ಬಂದರೆ ಕುರ್ವೆಯ ಮೂವತ್ತೆರಡು ಮನೆಗಳೂ ಖಾಲಿಯಾಗಬೇಕು. ಆದೇಶ ಒಡ್ಡಿಗೆ ಬಂದಿದ್ದ ತಹಶೀಲ್ದಾರರ ಚೀಲದಲ್ಲಿತ್ತು. ಸಹಿ ಮಾತ್ರ ಬಾಕಿ.

ಬಲೆಯನ್ನು ರೂಪಿಸಿದ ವಿಜ್ಞಾನಿ ವಾರಿಜಾ ಗಾಂವಕರ ಒಡ್ಡಿನ ಮೇಲೆ ನಿಂತಿದ್ದಳು. ಜೇಡಿಯ ಕಣಗಳು ಕಣ್ಣಿಗೆ ಕಾಣದಷ್ಟು ಸಣ್ಣವು. ಒಂದೇ ಬಗೆಯ ವಿದ್ಯುದಂಶ ಹೊತ್ತ ಅವು ಒಂದನ್ನೊಂದು ದೂಡುತ್ತ, ತಳ ಕಾಣದೆ ತೇಲಿ ಕಡಲು ಸೇರುತ್ತವೆ. ಅವಳ ಬಲೆಯ ನೂಲು ಆ ಹಗೆಯನ್ನು ಅಳಿಸುತ್ತಿತ್ತು. ಕಣಗಳು ಅಂಟಿಕೊಂಡು, ಭಾರವಾಗಿ, ಕೆಳಗೆ ಕೂರುತ್ತಿದ್ದವು.

ಮೂರು ವರ್ಷದ ಹಿಂದೆ, ಮೊದಲ ಮಳೆಗಾಲದಲ್ಲಿ, ಅವಳು ಕುರ್ವೆಯನ್ನು ಬಲೆಯಿಂದ ಪೂರ್ತಿ ಸುತ್ತಿಬಿಟ್ಟಿದ್ದಳು. ಬಲೆಗೆ ಮಣ್ಣು ಮೆತ್ತಿ ಗೋಡೆಯಾಯಿತು. ಒಳಗಿನ ನೀರು ಕೊಳೆತು ಬಳಚು ಎಂಬ ಚಿಪ್ಪುಮೀನುಗಳು ಸತ್ತವು. ಆ ಚಿಪ್ಪು ಹೆಕ್ಕಿಯೇ ಬದುಕಿದ ಮುದುಕಿ ಜಟ್ಟಮ್ಮ ಒಂದು ಬೆಳಗ್ಗೆ ದೋಣಿಯಲ್ಲಿ ಬಂದು ಕತ್ತಿಯಿಂದ ಬಲೆ ಕೊಯ್ದಳು.

"ಐದು ವರ್ಷದ ಕೆಲಸ ಅಮ್ಮಾ ಅದು!" ಎಂದು ವಾರಿಜಾ ಕೂಗಿದ್ದಳು.

"ನಂದು ಅರವತ್ತು ವರ್ಷದ್ದು. ನೀರು ಬರೂಕೆ ಬಿಟ್ಟೆ, ಹೋಗೂಕೆ ಬಿಟ್ಯಾ ತಂಗಿ? ನೆಂಟರನ್ನ ಕರ್ದು ಬಾಗಿಲು ಹಾಕ್ಕಂಡ್ರೆ ಮತ್ತೆ ಯಾರು ಬತ್ರು?"

ಅವಳು ಕೊಯ್ದದ್ದು ಇಳಿತದ ನೀರು ಬಸಿಯುವ ಹಳೇ ಕೋಡಿಗೆ ಅಡ್ಡವಾಗಿದ್ದ ಬಲೆಯನ್ನು. ನೀರು ಅಲ್ಲಿಂದ ಹೊರಗೆ ಹೋಯಿತು, ಭರತಕ್ಕೆ ಹೊಸ ಮಣ್ಣು ಹೊತ್ತು ಮರಳಿತು. ಆ ಮಳೆಗಾಲ ಅಲ್ಲೊಂದೇ ಕಡೆ ಮೊಣಕಾಲೆತ್ತರ ಮಣ್ಣು ಕೂತಿತು. ಮರುವರ್ಷದ ಬಲೆಯ ನಕ್ಷೆಯನ್ನು ವಾರಿಜಾ ಜಟ್ಟಮ್ಮನ ದೋಣಿಯಲ್ಲಿ ಕೂತೇ ಬರೆದಳು.

ಅಮಾವಾಸ್ಯೆಯ ಮಧ್ಯಾಹ್ನ ಹನ್ನೆರಡಾಯಿತು. ನೀರು ಏರಿ ಬಂತು. ಬಲೆ ಹಿಡಿದ ಮಣ್ಣಿನಿಂದ ಹೊಸದಾಗಿ ಎದ್ದ ದಂಡೆಯ ಮೇಲೆ ಅಲೆ ಉರುಳಿತು, ನೊರೆಯಾಯಿತು, ನಿಂತಿತು. ಒಡ್ಡನ್ನು ಮುಟ್ಟಲಿಲ್ಲ. ಹನ್ನೆರಡೂವರೆಗೆ ನೀರು ಹಿಂದೆ ಸರಿಯತೊಡಗಿತು.

ಜಟ್ಟಮ್ಮ ಸೀರೆ ಎತ್ತಿ ಕಟ್ಟಿ ದಂಡೆಗೆ ಇಳಿದಳು. ಹತ್ತು ಹೆಜ್ಜೆ ಹೋಗಿ ತಿರುಗಿದಳು.

"ಹಿಮ್ಮಡಿ ಅಷ್ಟೇ ಹೂತದು! ಗಟ್ಟಿ ಅದೆ, ಬನ್ರೇ!"

ಇಡೀ ಕುರ್ವೆ ಓಡಿ ಬಂತು. ಯಾರೋ ಗುಮಟೆ ಬಡಿದರು. ತಹಶೀಲ್ದಾರರು ಬೂಟು ಬಿಚ್ಚಿ ಕೈಯಲ್ಲಿ ಹಿಡಿದು ಅವರೂ ಇಳಿದರು.

"ಇಂಥ ಸಾವಿರ ಬಲೆ ಕೊಡ್ತೀರಾ ಮೇಡಂ? ಕರಾವಳಿಗೆಲ್ಲ ಹಾಕೋಣ."

"ಬಲೆ ಎಷ್ಟಾದರೂ ನೇಯಬಹುದು ಸರ್. ಅದು ಮಣ್ಣನ್ನ ನಿಲ್ಲಿಸ್ತದೆ, ಹುಟ್ಟಿಸೋದಿಲ್ಲ. ಮಣ್ಣೇ ಸಾಲದು."

"ಮತ್ತೆ ಮಣ್ಣು ಎಲ್ಲದೆ?" ಎಂದಳು ಜಟ್ಟಮ್ಮ.

ವಾರಿಜಾ ಘಟ್ಟದ ಕಡೆ ಕೈ ತೋರಿಸಿದಳು. "ಅಣೆಕಟ್ಟಿನ ಹಿಂದೆ. ನೂರು ವರ್ಷದಿಂದ ಅಲ್ಲೇ ಕೂತಿದೆ."

"ನೂರು ವರ್ಷ ಯಾರೂ ಕೇಳ್ಲೇ ಇಲ್ವೇ?"

ಅಂದವಳೇ ಮುದುಕಿ ತಹಶೀಲ್ದಾರರ ಕಡೆ ತಿರುಗಿದಳು.

"ಆ ಮಣ್ಣು ಬಿಡಿ ಅಂತ ಬರೀರಿ ಸಾಹೇಬ್ರೇ. ನಿಮ್ಮ ಆ ಕಾಗದದ ಹಿಂಬದಿ ಖಾಲಿ ಅದೆ."