ಕೈಗವಸಿಲ್ಲದ ಮಾರ್ತಾ

1958ರ ಫೆಬ್ರವರಿ 9, ಭಾನುವಾರ, ಬೆಳಿಗ್ಗೆ ಒಂಬತ್ತೂವರೆ. ಮೂಡಬಿದ್ರೆಯ ವಾಚನಾಲಯದ ಕೈಬರಹದ ಮಾಸಪತ್ರಿಕೆ ಸಿದ್ಧವಾಗಿತ್ತು. ಇದ್ದದ್ದು ಒಂದೇ ಪ್ರತಿ. ಹತ್ತು ಗಂಟೆಗೆ ಅದನ್ನು ಓದುವ ಮೇಜಿನ ಮೇಲೆ ಇಡಬೇಕಿತ್ತು.

ಅದರಲ್ಲಿ ಲೋಕನಾಥನ ಧಾರಾವಾಹಿಯ ಐದನೆಯ ಕಂತು ಇತ್ತು. ಉತ್ತರ ಧ್ರುವದ ಹತ್ತಿರ ಹಡಗು ಒಡೆದು ಮೂವರು ಹಿಮದ ಗುಡಿಸಲು ಸೇರಿದ ಕಥೆ: ಕಪ್ತಾನ, ಕಾಯಿಲೆಬಿದ್ದ ನಾವಿಕ, ನರ್ಸ್ ಮಾರ್ತಾ. ಯಾರು ಬದುಕಿ ಬರುತ್ತಾರೆಂದು ಊರಿನಲ್ಲಿ ಪಂಥ ನಡೆಯುತ್ತಿತ್ತು. ಲೋಕನಾಥ ಸಹಕಾರಿ ಸಂಘದ ಗುಮಾಸ್ತ. ಮಂಗಳೂರಿನ ಪತ್ರಿಕೆಗೆ ಊರ ಸುದ್ದಿ ಬರೆಯುವವನು. ಹಿಮ ಕಂಡವನಲ್ಲ.

ಪತ್ರಿಕೆಯನ್ನು ಚಂದದ ಅಕ್ಷರದಲ್ಲಿ ನಕಲು ಮಾಡುತ್ತಿದ್ದವಳು ಪ್ರಫುಲ್ಲಾ ಟೀಚರ್. ಲೇಖಕನ ಒಂದಕ್ಷರವನ್ನೂ ಬದಲಿಸಬಾರದು, ಮಾಹಿತಿ ತಪ್ಪಿದ್ದರೆ ಅಂಚಿನಲ್ಲಿ ಪೆನ್ಸಿಲಿನಿಂದ ಬರೆಯಬಹುದು ಎಂಬುದು ವಾಚನಾಲಯದ ನಿಯಮ. ಮೊದಲ ಕಂತಿಗೇ ಅವಳು ಬರೆದಿದ್ದಳು: ‘ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದಿಲ್ಲ ಮಾರಾಯ್ರೆ.’ ಅಂದಿನಿಂದ ಅವನು ಪ್ರತಿ ಕಂತಿನಲ್ಲೂ ಒಂದೆರಡು ತಪ್ಪುಗಳನ್ನು ಬೇಕೆಂದೇ ಬಿಡುತ್ತಿದ್ದ.

ಜನವರಿಯ ಒಂದು ಸಂಜೆ ಮೂಸಬ್ಬನ ಸೋಡಾ ಅಂಗಡಿಯಿಂದ ಮರದ ಹುಡಿಯಲ್ಲಿ ಸುತ್ತಿದ ಐಸ್ ತಂದು ವಾಚನಾಲಯದ ಜಗಲಿಯಲ್ಲಿ ಕುಳಿತಿದ್ದ. ಬರಿಗೈ ಆ ಚಳಿಯನ್ನು ಎಷ್ಟು ಹೊತ್ತು ತಡೆಯುತ್ತದೆಂದು ತಿಳಿಯಬೇಕಿತ್ತು.

“ಎಂಥ ತಪಸ್ಸು ಇದು?” ಪ್ರಫುಲ್ಲಾ ಕೇಳಿದಳು.

“ಸಂಶೋಧನೆ. ನೀವೂ ಒಂದು ತುಂಡು ಹಿಡೀರಿ. ಯಾರು ಮೊದಲು ಬಿಡ್ತಾರೆ ನೋಡುವ.”

ಅವಳ ಕಣ್ಣು ಅವನ ಕೈಯ ಮೇಲಿತ್ತು, ಅವನದು ಅವಳ ರೆಪ್ಪೆಯ ಮೇಲೆ. ಕರಗಿದ ನೀರು ಬಳೆ ದಾಟಿ ಅವಳ ಮೊಣಕೈಗೆ ಇಳಿಯಿತು. ಎರಡೇ ನಿಮಿಷಕ್ಕೆ ಅವನು ಸೋತ.

“ಗುಮಾಸ್ತರ ಕೈ! ಪೆನ್ನು ಬಿಟ್ಟು ಬೇರೆ ಏನಾದ್ರೂ ಹಿಡಿದದ್ದುಂಟಾ?” ಎಂದು ನಕ್ಕಳು.

ತನ್ನ ತುಂಡನ್ನು ಮಾತ್ರ ಬಿಡಲಿಲ್ಲ. ಅದು ಕರಗುವಷ್ಟರಲ್ಲಿ ಒಂದು ಮಾತು ಹೇಳಿದಳು. ಯುದ್ಧದ ರೇಷನ್ ಕಾಲ, ಅವಳಿಗೆ ಹತ್ತು ವರ್ಷ. ಜ್ವರ ಹಿಡಿದ ತಮ್ಮನಿಗೆಂದು ಎತ್ತಿಟ್ಟ ಗಂಜಿಯನ್ನು ಕದ್ದು ಕುಡಿದಿದ್ದಳು. ತಮ್ಮ ಉಳಿಯಲಿಲ್ಲ.

“ಅಮ್ಮನಿಗೂ ಗೊತ್ತಿಲ್ಲ. ನಿಮಗೆ ಯಾಕೆ ಹೇಳಿದೆನೋ.”

ಯಾಕೆಂದು ಲೋಕನಾಥನಿಗೆ ತಿಳಿದಿತ್ತು. ಆದರೂ ಬರೆದ. ಗಂಜಿಯನ್ನು ಸೂಪ್ ಮಾಡಿದ, ತಮ್ಮನನ್ನು ನಾವಿಕ ಮಾಡಿದ. ಮಾರ್ತಾ ನಾವಿಕನ ಪಾಲನ್ನು ಮೂರು ದಿನ ಕದ್ದು ಕುಡಿದಳು, ಅವನು ಸತ್ತ, ಕಪ್ತಾನ ಅವಳನ್ನು ಕೈಗವಸಿಲ್ಲದೆ ಹೊರದಬ್ಬಿ ಬಾಗಿಲು ಹಾಕಿದ. ತಾನು ಬರೆದದ್ದರಲ್ಲೆಲ್ಲ ಇದೇ ಉತ್ತಮವೆಂದು ಅವನಿಗೆ ಅನಿಸಿತ್ತು. ಅವಳೂ ಮೆಚ್ಚುತ್ತಾಳೆಂದು ಎಣಿಸಿದ್ದ.

ಈಗ, ಭಾನುವಾರ ಬೆಳಿಗ್ಗೆ, ವಾಚನಾಲಯದಲ್ಲಿ ಅವನು ಆ ಪುಟ ತೆರೆದ. ಅದೇ ದುಂಡು ಅಕ್ಷರ, ಒಂದು ಚಿತ್ತೂ ಇಲ್ಲ. ಅಂಚಿನಲ್ಲಿ ಪೆನ್ಸಿಲ್: ‘ಮೂರು ದಿನ ಅಲ್ಲ. ಎರಡು.’

ಅವನು ತಲೆ ಎತ್ತಿದ. ಕಿಟಕಿಯ ಬಳಿ ನಿಂತಿದ್ದ ಪ್ರಫುಲ್ಲಾ ತಿರುಗಲಿಲ್ಲ.

“ನಾನು ಹೆಸರು ಹಾಕ್ಲಿಲ್ಲ ಟೀಚರ್...”

“ಹೆಸರು ಯಾಕೆ? ಪ್ರತಿ ತಿಂಗಳು ಅಮ್ಮನಿಗೆ ಇದನ್ನು ಓದಿ ಹೇಳುವುದು ನಾನು. ಮಾರ್ತಾ ಏನು ಮಾಡಿದ್ಳು ಅಂತ ಸಂಜೆ ಕೇಳ್ತಾರೆ. ಆಗ ನಾನು ಎಲ್ಲಿ ನೋಡ್ಲಿ?”

ಅವನು ಪತ್ರಿಕೆ ಮುಚ್ಚಿದ.

“ಒಂದು ಹೇಳಿ. ಅವಳನ್ನು ಹೊರಗೆ ಹಾಕಿದ್ದು ಕಪ್ತಾನನಾ, ನೀವಾ?”

ಹತ್ತು ಗಂಟೆಗೆ ವಾಚನಾಲಯ ನೋಡಿಕೊಳ್ಳುತ್ತಿದ್ದ ಶೇಷಪ್ಪ ಬಂದರು, ಹಿಂದೆಯೇ ಓದುಗರು. ಲೋಕನಾಥ ಎಲ್ಲರ ಎದುರು ತನ್ನ ಎಂಟು ಪುಟ ಹರಿದ.

“ಇದು ಕದ್ದದ್ದು. ನನ್ನದಲ್ಲ.”

“ಇಂಗ್ಲಿಷ್ ಪುಸ್ತಕದಿಂದಲಾ?” ಶೇಷಪ್ಪ ಕೇಳಿದರು.

ಅವನು ತಲೆ ತಗ್ಗಿಸಿ ನಿಂತ.

“ಊರಿಗೆಲ್ಲ ಸತ್ಯ ಬರೆಯುವವರು ಮಾರಾಯ ಇವರು!” ಎಂದು ಹಿಂದಿನಿಂದ ಯಾರೋ ನಕ್ಕರು. ಪ್ರಫುಲ್ಲಾ ಆಗ ತಿರುಗಿ ಅವನನ್ನು ನೋಡಿದಳು, ಒಂದೇ ಗಳಿಗೆ.

ಮಾರ್ಚ್ ಸಂಚಿಕೆಯಲ್ಲಿ ಧಾರಾವಾಹಿ ಬರಲಿಲ್ಲ. ಅವನು ವಾಚನಾಲಯದ ಕಡೆ ಸುಳಿಯುವುದನ್ನೂ ಬಿಟ್ಟಿದ್ದ. ತಿಂಗಳ ಕೊನೆಯಲ್ಲಿ ಅವಳೇ ಸಂಘದ ಕಚೇರಿಗೆ ಬಂದಳು.

“ಅಮ್ಮನಿಗೆ ಎಲ್ಲ ಹೇಳಿದೆ.”

“ಅವರು?”

“ಏನೂ ಹೇಳ್ಲಿಲ್ಲ. ಮರುದಿನ ಬೆಳಿಗ್ಗೆ ಗಂಜಿ ಬಡಿಸಿ, ನಾನು ಕುಡಿದು ಮುಗಿಸುವವರೆಗೆ ಪಕ್ಕದಲ್ಲೇ ಕೂತ್ರು. ನಿಮ್ಮ ಮೇಲೆ ನನ್ನ ಸಿಟ್ಟು ಹೋಗಲಿಲ್ಲ. ಆದ್ರೆ ಆ ಮಾರ್ತಾ ಇನ್ನೂ ಹೊರಗೆ ನಿಂತಿದ್ದಾಳೆ, ಪಾಪ. ಸೂಪ್ ತೆಗೀರಿ. ಬಾಗಿಲು ತೆಗೆಸಿ.”

“ನಕಲು ಯಾರು ಮಾಡ್ತಾರೆ?”

“ನಿಮ್ಮ ಅಕ್ಷರ ಓದಲಿಕ್ಕೆ ಬೇರೆ ಯಾರಿಗೆ ಬರ್ತದೆ?”

“ಟೀಚರ್, ಆ ತಪ್ಪುಗಳನ್ನೆಲ್ಲ ನಾನು ಬೇಕಂತಲೇ ಮಾಡಿದ್ದು. ನಿಮ್ಮ ಪೆನ್ಸಿಲಿಗಾಗಿ.”

“ಗೊತ್ತುಂಟು. ಹಿಮಕರಡಿ ಹಲಸಿನ ಮರ ಹತ್ತಿತು ಅಂತ ನಿಜವಾಗಿ ಬರೆಯುವಷ್ಟು ದಡ್ಡರು ಯಾರಿದ್ದಾರೆ?” ಅವಳ ತುಟಿಯಂಚು ಮಾತ್ರ ನಕ್ಕಿತು. “ಕೊನೆಯದೊಂದು ಬೇಕಂತ ಮಾಡಿದ್ದಲ್ಲ. ಅದು ನೆನಪಿರಲಿ.”

“ಸಾಯುವವರೆಗೆ ನೆನಪಿರ್ತದೆ.”

ಏಪ್ರಿಲ್ 13ರ ಸಂಚಿಕೆಯಲ್ಲಿ ಐದನೆಯ ಕಂತು ಹೊಸದಾಗಿ ಬಂತು. ಅದರಲ್ಲಿ ಮಾರ್ತಾ ಹಿಮದಲ್ಲಿ ದಾರಿ ತಪ್ಪುತ್ತಾಳೆ. ಕಪ್ತಾನ ತನ್ನ ಕೈಗವಸು ಹಿಡಿದು ಅವಳನ್ನು ಹುಡುಕಿ ಹೊರಡುತ್ತಾನೆ. ಅಂಚಿನಲ್ಲಿ ಪೆನ್ಸಿಲ್ ಗುರುತು ಇರಲಿಲ್ಲ. ಲೋಕನಾಥ ಮತ್ತು ಪ್ರಫುಲ್ಲಾ 1959ರ ಮೇ ತಿಂಗಳಲ್ಲಿ ಮದುವೆಯಾದರು. ಅವನು ಇಂಗ್ಲಿಷ್ ಪುಸ್ತಕದಿಂದ ಕದ್ದನೆಂದೇ ಊರಿನವರು ಕೊನೆವರೆಗೂ ನಂಬಿದ್ದರು. ಅವನು ತಿದ್ದಲಿಲ್ಲ.