ಕಪ್ಪತಗುಡ್ಡದ ಓಲೆಕಟ್ಟು

ಪೆಟ್ಟಿಗೆ ಖಾಲಿಯಾಗಿತ್ತು. ನಿನ್ನೆ ಸಂಜೆ ನಾನೇ ಎಣ್ಣೆ ಸವರಿ ಒಳಗಿಟ್ಟಿದ್ದ ಓಲೆಕಟ್ಟು ಮಾಯ!

ಕಪ್ಪತಗುಡ್ಡದ ಗಿಡಮೂಲಿಕೆಗಳ ಮದ್ದು ಬರೆದ ನೂರಾ ನಲವತ್ತು ತಾಳೆಗರಿಗಳು. ಇನ್ನೊಂದು ಪ್ರತಿ ಎಲ್ಲೂ ಇಲ್ಲ. ಅದನ್ನು ಮೈಕ್ರೋಫಿಲ್ಮಿಗೆ ಇಳಿಸಲೆಂದೇ ೧೯೭೮ರ ಬೇಸಿಗೆಯಲ್ಲಿ ನಾನು ಧಾರವಾಡದ ವಿಶ್ವವಿದ್ಯಾಲಯದಿಂದ ಜೀಪಿನಲ್ಲಿ ಕ್ಯಾಮೆರಾ ಹೇರಿಕೊಂಡು ಗುಡ್ಡದ ಬುಡದ ಡೋಣಿ ಊರಿಗೆ ಬಂದಿದ್ದೆ. ಇವತ್ತು ಸಂಜೆಯೊಳಗೆ ಕೆಲಸ ಮುಗಿಸಿ ಮರಳಬೇಕಿತ್ತು.

"ಹೊರಗಿನವರು ನೀವೊಬ್ರ, ಚನ್ನಬಸವಣ್ಣಾರ," ಎಂದ ಮನೆಯ ಯಜಮಾನ ಉಳವಪ್ಪ. "ಫಿರ್ಯಾದಿ ಕೊಡಾಂವ ನಾ."

ಕೆಲಸವೂ ಹೋಯಿತು, ಮಾನವೂ ಹೋಯಿತು ಎಂದುಕೊಂಡೆ. ಧೈರ್ಯದಲ್ಲಿ ನಾನು ಮೊದಲೇ ಅಷ್ಟಕ್ಕಷ್ಟೆ.

ಪಕ್ಕದ ಮನೆಯ ರಹಮಾನಸಾಬರಿಗೆ ಹೇಳಿ ಕಳಿಸಿದರು. ಮುಂಡರಗಿಯಲ್ಲಿ ಪೊಲೀಸ್ ಜಮಾದಾರರಾಗಿ ನಿವೃತ್ತರಾದವರು. ಬಂದವರೇ ಪೆಟ್ಟಿಗೆಯಲ್ಲಿ ಇಣುಕಿದರು. ತಳದಲ್ಲಿ ನಾಲ್ಕೈದು ಅಕ್ಕಿಕಾಳು.

"ಇವೇನು?"

"ಇಲಿ ತಂದಿರಬೇಕ್ರಿ," ಎಂದ ಉಳವಪ್ಪ.

"ಕೀಲಿ ಎಲ್ಲಿರತೈತಿ?"

"ಅಡಿಗಿಮನಿ ಗೂಟಕ್ಕ."

"ಫೋಟೋ ಬ್ಯಾಡ ಅಂದವ್ರು ಯಾರು?"

"ನಾನು," ಉಳವಪ್ಪನ ತಾಯಿ ಗುರುಸಿದ್ದವ್ವ ಗುಡುಗಿದರು. "ದೀಪದ ಝಳಕ್ಕ ಗರಿ ಸುಟ್ಟು ಹೋದ್ರ? ಮೂರು ದಿನದಿಂದ ಒದರಾಕತ್ತೇನಿ. ಆದ್ರ ನಾ ಮುಟ್ಟಿಲ್ಲ."

ಸೊಸೆ ಶಾರದವ್ವ ಚಹಾ ಇಟ್ಟು ಒಳಗೆ ಹೋದಳು. ಅವಳನ್ನು ಯಾರೂ ಏನೂ ಕೇಳಲಿಲ್ಲ.

ಜೀಪಿನೊಳಗೆ ಹುಡುಕಿದರು. ನನ್ನ ಫಿಲ್ಮಿನ ಟ್ರಂಕಿಗೆ ಬೀಗ ಹಾಕುವ ಅಭ್ಯಾಸ ನನಗೆಂದೂ ಇರಲಿಲ್ಲ. ಮುಚ್ಚಳ ಎತ್ತಿದರೆ ಡಬ್ಬಿಗಳ ಕೆಳಗೆ, ಹಸಿರು ಕುಬಸದ ಖಣದಲ್ಲಿ ಸುತ್ತಿದ ಓಲೆಕಟ್ಟು.

"ಸಿಕ್ಕ ನೋಡ್ರಿ ಕಳ್ಳ," ಉಳವಪ್ಪ ನನ್ನ ಅಂಗಿ ಹಿಡಿದ.

"ತಡಿಯೋ. ಕಳ್ಳ ಖಣ ಯಾಕ ಸುತ್ತತಾನ?"

ರಹಮಾನಸಾಬರು ಗಂಟು ಬಿಚ್ಚಿದರು. ಒಳಗೆ ಅಕ್ಕಿ, ಅರಿಷಿಣಕೊಂಬು, ಅಡಿಕೆ, ಉತ್ತತ್ತಿ.

"ಇದು ಉಡಿ. ತವರಿಂದ ಹೊಂಟ ಮಗಳಿಗೆ ತುಂಬೂದು. ಮನಿ ಬರಿದಾಗಬಾರದಂತ ಅದರಾಗಿಂದು ನಾಕು ಕಾಳು ಹೊಳ್ಳಿ ಮನ್ಯಾಗ ಇಡ್ತಾರ. ನಮ್ಮ ಮನಿ ಹೆಣ್ಮಕ್ಕಳನ್ನೂ ಹಿಂಗ ಕಳಸ್ತೇವಿ. ಪೆಟಗ್ಯಾಗಿನ ಕಾಳು ಇಲಿ ತಂದದ್ದಲ್ಲೋ ಉಳವಪ್ಪ. ಯಾರೋ ಈ ಕಟ್ಟನ್ನ ಕದ್ದಿಲ್ಲ, ಕಳಿಸಿಕೊಟ್ಟಾರ."

"ಹಂಗಾದ್ರ ನಮ್ಮವ್ವ?"

"ನಿಮ್ಮಪ್ಪ ತೀರಿದ ಮ್ಯಾಲೆ ಆಕಿ ಯಾರಿಗಾದ್ರೂ ಉಡಿ ತುಂಬಿದ್ದು ಕಂಡೀಯೇನು? ಈ ಮನ್ಯಾಗ ಮುತ್ತೈದಿ ಒಬ್ಬಾಕಿ. ಶಾರದವ್ವಾ, ಹೊರಗ ಬಾ ತಂಗಿ."

ಶಾರದವ್ವ ಬಾಗಿಲಿಗೆ ಬಂದು ನಿಂತಳು.

"ನಾನ ಇಟ್ಟೇನ್ರಿ ಅಣ್ಣಾರ. ಫೋಟೋ ಆದ ಮ್ಯಾಲೆ ಮೂಲ ಯಾಕಂತ, ನಮ್ಮ ಮನಿಯವ್ರು ಹುಬ್ಬಳ್ಳಿ ವ್ಯಾಪಾರಿಗೆ ಮಾರತಾರಂತ. ಅಂವ ಪರದೇಶಕ್ಕ ಕಳಿಸಿದ್ರ ಮತ್ತ ಮುಖ ಕಾಣೂದೆಲ್ಲಿ? ಧಾರವಾಡದಾಗಾದ್ರ ಹೋಗಿ ನೋಡಿ ಬರಬಹುದು. ಈ ಫೋಟೋದವ್ರ ಮ್ಯಾಲೆ ಅಪವಾದ ಬರತೈತಂತ ನನಗ ಹೊಳಿಲಿಲ್ಲ."

ಉಳವಪ್ಪನ ಕೈ ನನ್ನ ಅಂಗಿಯಿಂದ ಜಾರಿತು.

"ಖರೆ ಏನ್ಲೇ?" ಗುರುಸಿದ್ದವ್ವ ಮಗನನ್ನು ಕೇಳಿದರು.

ಅವನು ಹೌದೆಂದು ತಲೆಯಾಡಿಸಿದ. ಮುದುಕಿ ಕಟ್ಟನ್ನು ಎತ್ತಿ ನನ್ನ ಕೈಗಿಟ್ಟರು.

"ನಮ್ಮ ಮಾವ ಇದನ್ನ ನನ್ನ ಕೈಯಾಗ ಕೊಟ್ಟು ಹೋದಾಂವ. ಮಾರಾಕಲ್ಲ. ದೀಪ ದೂರ ಇಟ್ಟು ಜಲ್ದಿ ಫೋಟೋ ತಗೀರಿ. ಆಮ್ಯಾಲೆ ಜೀಪಿನ್ಯಾಗ ಇದರ ಜೋಡಿ ನಮ್ಮ ಅತ್ತಿ-ಸೊಸಿಗೂ ಜಾಗಾ ಮಾಡ್ರಿ. ಹೆಣ್ಣು ಕೊಡೂ ಮನಿ ಹೆಂಗೈತಿ, ಕಣ್ಣಾರೆ ನೋಡಬೇಕು."