ಅಕ್ಕನ ಮುಖಕ್ಕೆ ಜಾಗ

“ಏನನ್ನೂ ಮುಟ್ಟಬೇಡಿ.”

ಅವನು ಬಾಗಿಲು ದಾಟಿ ಒಂದು ಹೆಜ್ಜೆ ಒಳಗಿಟ್ಟಿದ್ದನಷ್ಟೆ. ಹೆಗಲಿನ ಚೀಲವನ್ನೂ ಇಳಿಸಿರಲಿಲ್ಲ. ವರ್ಷದ ಮೇಲೆ ಎದುರಾದವನಿಗೆ ಅವಳ ಬಾಯಿಂದ ಬಂದ ಮೊದಲ ಮಾತು ಅದು.

ಬೇರೆ ಏನೇನೋ ಹೇಳಬೇಕೆಂದಿದ್ದಳು. ಸೊರಗಿದ್ದೀಯ ಅನ್ನಬೇಕೆಂದಿದ್ದಳು. ಎಲ್ಲಿ ಹಾಳಾಗಿ ಹೋಗಿದ್ದೆ ಎಂದು ಜಗಳ ತೆಗೆಯಬೇಕೆಂದಿದ್ದಳು. ಗಂಟಲು ದಾಟಿದ್ದು ಮಾತ್ರ ಇದು. ಅದೂ ‘ಮುಟ್ಟಬೇಡಿ’... ‘ನೀನು’ ಎಂದೇ ಕರೆದು ರೂಢಿಯಾದವನಿಗೆ ಬಹುವಚನ.

“ಮುಟ್ಟಲ್ಲ,” ಎಂದು ಅವನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತ.

“ಕರೆಸಿದ್ದು ನಾನು ಕಣೇ,” ಪಕ್ಕದ ಕೋಣೆಯಿಂದ ಅತ್ತೆಯ ದನಿ ಬಂತು. ಕಾರ್ಮಿಕ ಸಂಘವನ್ನು ನಡೆಸುವ ಆ ಹೆಂಗಸು ಯಾರಿಗೂ ಸೋದರತ್ತೆಯಲ್ಲ, ಎಲ್ಲರಿಗೂ ಅತ್ತೆ. “ಕೋಪ ಇದ್ರೆ ನನ್ನ ಮೇಲೆ ತೀರಿಸ್ಕೋ. ಸಂಜೆಯೊಳಗೆ ಚಿತ್ರ ಪ್ರಿಂಟ್‌ಗೆ ಹೋಗ್ಬೇಕು. ಡಾಕ್ಟ್ರೇ, ಜ್ವರ ಬಂದಿರೋದು ಕಂಪ್ಯೂಟರಿಗೋ ಇವಳಿಗೋ, ಮೊದಲು ಅದನ್ನ ನೋಡಿ.”

ಕಂಪ್ಯೂಟರ್ ರಿಪೇರಿಯವನಿಗೆ ಡಾಕ್ಟ್ರು ಎಂದು ಹೆಸರಿಟ್ಟದ್ದೂ ಅತ್ತೆಯೇ.

ಅವಳು ನಗಲಿಲ್ಲ. ಬೆಳಗಿನಿಂದ ಕೂತು ಕಂಪ್ಯೂಟರಿನಲ್ಲಿ ತಿದ್ದಿದ ಮುಖ ಆಗಷ್ಟೇ ಅಳಿಸಿಹೋಗಿತ್ತು. ಡಿಸ್ಕ್ ತುಂಬಿದೆ ಎಂದು ಪರದೆ ಗೊಣಗುತ್ತಲೇ ಇತ್ತು, ಅವಳು ಕೇಳಿಸಿಕೊಂಡಿರಲಿಲ್ಲ. ಸೇವ್ ಮಾಡಲು ಹೋದರೆ ಅದಕ್ಕೂ ಜಾಗವಿಲ್ಲ. ಆಮೇಲೆ ಸಾಫ್ಟ್‌ವೇರ್ ತಾನೇ ತಾನಾಗಿ ಮುಚ್ಚಿಕೊಂಡಿತು.

ಅದು ಅವಳ ಅಕ್ಕನ ಮುಖ.

ಬಟ್ಟೆ ಕದಿಯುತ್ತಾರೆಂದು ಹೊಲಿಗೆ ಕಾರ್ಖಾನೆಯ ಬಾಗಿಲಿಗೆ ಹೊರಗಿನಿಂದ ಬೀಗ ಜಡಿದಿದ್ದರು. ಒಳಗೆ ಬೆಂಕಿ ಬಿದ್ದಾಗ ಬೀಗದ ಕೈ ಮೇಲ್ವಿಚಾರಕನ ಜೇಬಿನಲ್ಲಿತ್ತು, ಮೇಲ್ವಿಚಾರಕ ಊಟಕ್ಕೆ ಹೋಗಿದ್ದ. ಸತ್ತ ಹೆಂಗಸರ ಪೈಕಿ ಹಲವರ ಮನೆಯಲ್ಲಿ ಉಳಿದದ್ದು ಗುರುತಿನ ಚೀಟಿಯ ಹೆಬ್ಬೆರಳಗಲದ ಫೋಟೋ ಮಾತ್ರ. ಆ ಫೋಟೋಗಳನ್ನು ಆಳೆತ್ತರಕ್ಕೆ ಹಿಗ್ಗಿಸಿ, ಬಟ್ಟೆಯ ಮೇಲೆ ಮುದ್ರಿಸಿ ಕಾರ್ಖಾನೆಯ ಗೇಟಿನ ಎದುರು ಗೋಡೆಗೆ ತೂಗುಹಾಕುವುದೆಂದು ಸಂಘ ತೀರ್ಮಾನಿಸಿತ್ತು. ಮಾಲೀಕನ ಕಾರು ಗೇಟಿನಲ್ಲಿ ನಿಲ್ಲಲೇಬೇಕು. ನಿಂತಾಗ ಇವರು ಅವನನ್ನು ನೋಡಬೇಕು.

ಬೆಂಕಿಯ ಮೊದಲ ವರ್ಷಕ್ಕೆ ಎಲ್ಲರೂ ಗೋಡೆಯ ಮೇಲಿದ್ದರು. ಒಂದು ಬಟ್ಟೆ ಮಾತ್ರ ಬರಿ ಬಿಳಿ. ಅದು ಅಕ್ಕನ ಜಾಗ. ನಾಳೆ ಎರಡನೆಯ ವರ್ಷ. ನಾಳೆಯೂ ಅಲ್ಲಿ ಬಿಳಿ ಬಟ್ಟೆಯೇ ತೂಗುವುದಾದರೆ ಆ ಗೋಡೆಯ ಮುಂದೆ ತಾನು ಹೇಗೆ ನಿಲ್ಲುವುದು?

ಅವಳು ಪರದೆಯಿಂದ ಕಣ್ಣು ಕೀಳಲಿಲ್ಲ. ಆದರೂ ಅವನು ಸ್ಟೂಲಿನತ್ತ ನೋಡಿದ್ದು ಅವಳಿಗೆ ಗೊತ್ತಾಯಿತು. ಕೋಣೆಯ ತುಂಬ ಬಾವುಟದ ಕೋಲು, ಬ್ಯಾನರ್, ಕರಪತ್ರದ ಕಟ್ಟು. ಆ ಸ್ಟೂಲಿನ ಮೇಲೆ ಮಾತ್ರ ಏನೂ ಇಲ್ಲ. ವರ್ಷವಿಡೀ ಯಾರಾದರೂ ಅಲ್ಲಿ ಏನಾದರೂ ಇಟ್ಟರೆ ಅವಳು ತೆಗೆದು ಕೆಳಗಿಡುತ್ತಿದ್ದಳು. ಯಾಕೆಂದು ಯಾರೂ ಕೇಳಲಿಲ್ಲ, ಪುಣ್ಯಕ್ಕೆ.

ಅವನು ಕೂರುತ್ತಿದ್ದುದು ಅಲ್ಲೇ. ಕೂತವನು ಮೊದಲು ಕಂಪ್ಯೂಟರಿನ ಡಬ್ಬದ ಮೇಲೆ ಅಂಗೈ ಇಡುತ್ತಿದ್ದ, ಮಗುವಿನ ಹಣೆ ಮುಟ್ಟಿ ನೋಡಿದ ಹಾಗೆ. ಅವನು ಹೋದ ಮೇಲೆ ಅವಳೂ ಹಾಗೆಯೇ ಅಂಗೈ ಇಡುವುದನ್ನು ಕಲಿತಳು. ಬಿಸಿ ತಗುಲಿದಾಗ ಅದು ಅವನ ಕೈಯ ಬಿಸಿಯೇನೋ ಅನ್ನಿಸುತ್ತಿತ್ತು... ಆಮೇಲೆ ತನ್ನನ್ನು ತಾನೇ ಬೈದುಕೊಳ್ಳುತ್ತಿದ್ದಳು.

ಇಬ್ಬರ ನಡುವೆ ಮುರಿದುಬಿದ್ದದ್ದೂ ಇದೇ ಕೋಣೆಯಲ್ಲಿ.

“ರೆಸಲ್ಯೂಷನ್ ಕಡಿಮೆ ಮಾಡು, ಇಷ್ಟು ದೊಡ್ಡ ಫೈಲಿಗೆ ಇದರಲ್ಲಿ ಜಾಗ ಇಲ್ಲ,” ಎಂದಿದ್ದ ಅವನು.

“ನಮ್ಮಕ್ಕನ್ನ ಕಡಿಮೆ ಮಾಡು ಅಂತೀಯಾ? ಕಾರ್ಖಾನೆಯವರು ಹೆಬ್ಬೆರಳಷ್ಟು ಮಾಡಿದ್ದು ಸಾಲದಾ?”

ಮರುದಿನ ಅವಳು ಚಹಾ ತರಲು ಕೆಳಗಿಳಿದಿದ್ದಳು. ಮೆಟ್ಟಿಲು ಹತ್ತಿ ಬಂದರೆ ಪರದೆಯ ಮೇಲೆ ಅಕ್ಕ ಇಲ್ಲ. ಅವನು ಅವಳ ಕುರ್ಚಿಯಲ್ಲಿ ಕೂತು ಟೆಂಪ್ ಎನ್ನುವ ದೊಡ್ಡ ದೊಡ್ಡ ತಾತ್ಕಾಲಿಕ ಫೈಲುಗಳನ್ನು ಅಳಿಸುತ್ತಿದ್ದ.

“ಯಾರಪ್ಪನ ಮನೆ ಆಸ್ತಿ ಅಂತ ಅಳಿಸ್ತಿದ್ದೀಯ? ಅವರು ಒಂದು ಸಲ ಸುಟ್ಟರು. ನೀನು ಎರಡನೇ ಸಲ ಇಲ್ಲ ಅನ್ನಿಸಿದೆ.”

ಅವನು ಕುರ್ಚಿಯಿಂದ ಎದ್ದು ನಿಂತ. ಚೀಲ ಎತ್ತಿಕೊಂಡು ಹೋದ. ಆಮೇಲೆ ಅವಳು ಅಕ್ಕನ ಫೋಟೋ ತೆರೆಯಲೇ ಇಲ್ಲ, ಈ ವಾರದವರೆಗೆ.

“ಆ ಟೆಂಪ್ ಫೈಲ್ ಎಲ್ಲಿರುತ್ತೆ ನಂಗೊತ್ತು,” ಅವಳು ಈಗ ಹೇಳಿದಳು. “ಈ ಸಲ ನಾನೇ ತೆಗೀತೀನಿ. ಅಕ್ಕ ಅದರೊಳಗೇ ಇರ್ತಾಳೆ.”

“ತೆಗೆದು ನೋಡಿ.”

ಫೋಲ್ಡರ್ ತೆರೆದಳು. ಅಂಕಿಗಳೇ ಹೆಸರಾದ ಭಾರೀ ಫೈಲುಗಳು, ಡಿಸ್ಕಿನ ಅರ್ಧವನ್ನು ನುಂಗಿ ಕೂತಿದ್ದವು. ಮೊದಲನೆಯದನ್ನು ಒತ್ತಿದಳು. ತೆರೆಯಲಾಗದು ಎಂದಿತು. ಎರಡನೆಯದು, ಅದೂ ಹಾಗೆಯೇ. ಬೇರೆ ಸಾಫ್ಟ್‌ವೇರಿನಲ್ಲಿ ತೆರೆಯಲು ನೋಡಿದಳು. ನಕಲು ಮಾಡಿ, ಹೆಸರು ಬದಲಿಸಿ ನೋಡಿದಳು.

“ಇಷ್ಟು ಜಾಗ ತಿಂದಿದೆ... ಒಳಗೆ ಏನೂ ಇಲ್ವಾ?”

“ನಿಮ್ಮ ಕಾರ್ಖಾನೇಲಿ ಬಟ್ಟೆ ಕತ್ತರಿಸೋ ಮೇಜಿತ್ತಲ್ಲ, ಹಾಗೆ,” ಅವನು ಮೆಲ್ಲಗೆ ಹೇಳಿದ. “ಕೆಲಸ ಮಾಡೋವಾಗ ಹರಡಿಕೊಳ್ಳೋಕೆ ಅದಕ್ಕೊಂದು ಜಾಗ ಬೇಕು. ಸರಿಯಾಗಿ ಮುಚ್ಚಿದ್ರೆ ತಾನೇ ಗುಡಿಸಿಟ್ಟು ಹೋಗತ್ತೆ. ನಡುವೆ ಸತ್ತರೆ ಚಿಂದಿ ಅಲ್ಲೇ ಉಳಿಯತ್ತೆ. ಆ ಚಿಂದಿಯಿಂದ ಮತ್ತೆ ಅಂಗಿ ಆಗಲ್ಲ. ಮೇಜು ಖಾಲಿ ಮಾಡ್ಬೇಕು, ಅಷ್ಟೆ.”

ಅವಳ ಕೈ ಮೌಸಿನ ಮೇಲೆಯೇ ನಿಂತಿತು.

ಇವತ್ತು ಇವನು ಏನನ್ನೂ ಮುಟ್ಟಿಲ್ಲ. ಆದರೂ ಅಕ್ಕ ಹೋದಳು.

ಹಾಗಾದರೆ ಅವತ್ತು?

“ಅವತ್ತು ನಾನು ಚಹಾ ತರೋಕೆ ಹೋದಾಗ...” ಅವಳು ಅವನತ್ತ ತಿರುಗಿದಳು. “ನೀನು ಬರೋ ಮೊದಲೇ ಇದು ಸತ್ತಿತ್ತಾ?”

ಅವನು ಕಿಟಕಿಯ ಕಡೆ ತಿರುಗಿದ.

“ಕೇಳ್ತಿದ್ದೀನಿ.”

“ನಾನು ಒಳಗೆ ಬಂದಾಗ ಪರದೆ ಖಾಲಿ ಇತ್ತು.”

“ಮತ್ತೆ ಯಾಕೆ ಹೇಳ್ಲಿಲ್ಲ? ಅಷ್ಟೆಲ್ಲ ಅಂದೆನಲ್ಲ, ಕಲ್ಲಿನ ಹಾಗೆ ಯಾಕೆ ನಿಂತೆ?”

“ಏನಂತ ಹೇಳ್ಲಿ? ಎಷ್ಟು ಸಲ ಹೇಳಿದ್ರೂ ನೀನು ಕೇಳ್ಲಿಲ್ಲ, ನಿನ್ನಿಂದಲೇ ಹೋಯ್ತು ಅಂತನಾ?” ಅವನು ಬಾಯಿಬಿಟ್ಟ. “ಬೆಂಕಿ ಬಿದ್ದ ದಿನ ನಿನ್ನ ಪಾಳಿಗೆ ಅಕ್ಕ ಹೋಗಿದ್ದನ್ನ ನನಗೊಬ್ಬನಿಗೇ ಹೇಳಿದ್ದೆ. ನೀನು ಮಲಗು, ನಾನು ಹೋಗ್ತೀನಿ ಅಂದಿದ್ದಳಲ್ಲ. ಅದನ್ನೇ ನೀನು ಒಳಗೊಳಗೆ ಅಗೀತಾ ಇದ್ದೆ. ಇದೂ ನಿನ್ನಿಂದಲೇ ಅಂತ ನಿನಗೆ ಗೊತ್ತಾಗಿದ್ರೆ... ಅದಕ್ಕಿಂತ ನನ್ನ ಮೇಲೆ ಕೋಪ ಇರ್ಲಿ ಅನ್ನಿಸ್ತು. ಕೋಪ ಇದ್ದೋರು ಬದುಕ್ತಾರೆ.”

ಕರಗಿಹೋಗಬೇಕಿತ್ತು ಅವಳು. ಕರಗಲಿಲ್ಲ. ಸಿಡಿದಳು.

“ಯಾರು ಕೇಳಿದ್ರು ನಿನ್ನ? ನನ್ನ ಹೊರೆ ಹೊತ್ಕೋ ಅಂತ ನಿನ್ನ ತಲೆ ಮೇಲೆ ನಾನಿಟ್ಟಿದ್ನಾ? ನಾನು ಏನು ತಡ್ಕೋತೀನಿ, ಏನು ತಡ್ಕೊಳ್ಳಲ್ಲ ಅಂತ ಲೆಕ್ಕ ಹಾಕೋಕೆ ನೀನ್ಯಾರು? ಇಡೀ ವರ್ಷ... ಬೆಳಿಗ್ಗೆ ಎದ್ದರೆ ನಿನ್ನ ಬೈತಿದ್ದೆ, ಸಂಜೆಯಾದರೆ ಮೆಟ್ಟಿಲ ಮೇಲೆ ನಿನ್ನ ಕಾಲಸಪ್ಪಳ ಕೇಳತ್ತಾ ಅಂತ ಕಾಯ್ತಿದ್ದೆ. ಅದನ್ನ ಯಾರು ವಾಪಸ್ ಕೊಡ್ತಾರೆ?”

ಅವನು ತಲೆ ತಗ್ಗಿಸಿದ. “ಆ ಮೆಟ್ಟಿಲ ಹತ್ರ ಎರಡು ಸಲ ಬಂದು, ತಿರುಗಿ ಹೋಗಿದ್ದೆ,” ಎಂದ.

ಪಕ್ಕದ ಕೋಣೆಯಲ್ಲಿ ಕರಪತ್ರ ಮಡಚುವ ಸದ್ದೂ ನಿಂತಿತ್ತು.

ಅವಳು ಕಿಟಕಿಯಾಚೆ ನೋಡಿದಳು. ಗೇಟು. ಗೇಟಿನ ಎದುರು ಆ ಉದ್ದನೆಯ ಗೋಡೆ.

“ಬೀಗ ಹಾಕಿಸಿದವನು ಕಾರಲ್ಲಿ ಆರಾಮಾಗಿ ಓಡಾಡ್ತಿದ್ದಾನೆ,” ಎಂದಳು. “ಇಲ್ಲಿ ನೋಡಿದ್ರೆ ತಪ್ಪು ನಂದು ಅಂತ ನಾನು, ನಂದಾಗಲಿ ಅಂತ ನೀನು. ನಾವಿಬ್ರೂ ಹಂಚಿಕೊಂಡು ಕೂತಿದ್ದೀವಿ. ಸಾಕು ಇದು. ಅಕ್ಕ ಹೋಗಿದ್ದು ಕೆಲಸಕ್ಕೆ. ಸಾಯೋಕಲ್ಲ.”

ಈ ಮಾತನ್ನು ಅವಳು ಎಷ್ಟೋ ಸಭೆಗಳಲ್ಲಿ ಬೇರೆಯವರ ಅಕ್ಕತಂಗಿಯರಿಗೆ ಹೇಳಿದ್ದಳು. ತನಗೆ ಹೇಳಿಕೊಂಡದ್ದು ಇದೇ ಮೊದಲು.

ಅವಳು ಸ್ಟೂಲನ್ನು ಕಾಲಿನಿಂದ ಮುಂದೆ ತಳ್ಳಿದಳು. “ಕೂತ್ಕೋ. ರೆಸಲ್ಯೂಷನ್ ಅಂದ್ರೆ ಏನು ಹೇಳು. ಈ ಸಲ ಕೇಳಿಸ್ಕೋತೀನಿ.”

ಅವನು ಕೂತ. ಹೇಳಿದ. ಆಳೆತ್ತರ ಆಳೆತ್ತರವೇ ಇರುತ್ತದೆ, ಅಕ್ಕ ಒಂದು ಬೆರಳಷ್ಟೂ ಕುಗ್ಗುವುದಿಲ್ಲ. ಚುಕ್ಕಿಗಳ ದಟ್ಟಣೆ ಮಾತ್ರ ಇಳಿಯುತ್ತದೆ. ರಸ್ತೆಯಾಚೆಯಿಂದ ನೋಡುವ ಚಿತ್ರಕ್ಕೆ ಅಷ್ಟೊಂದು ಚುಕ್ಕಿ ಬೇಡ.

“ಬೇರೆಯವರ ಚಿತ್ರಗಳನ್ನ ನೀನೇ ಹೀಗೇ ಮಾಡಿದ್ದೀಯ,” ಎಂದ. “ಅಕ್ಕಂದು ಮಾತ್ರ...”

“ಅಕ್ಕನ ಒಂದೊಂದು ರೆಪ್ಪೆಕೂದಲೂ ಬೇಕಿತ್ತು ನಂಗೆ.”

“ಗೊತ್ತು.”

ಚಿಂದಿ ಫೈಲುಗಳನ್ನು ಅವಳೇ ಅಳಿಸಿದಳು. ಅವನು ಚೀಲದಿಂದ ಇನ್ನೊಂದು ಡಿಸ್ಕ್ ತೆಗೆದು ಜೋಡಿಸಿದ, ಸಾಫ್ಟ್‌ವೇರ್ ಇನ್ನು ಮೇಲೆ ಅಲ್ಲಿ ಹರಡಿಕೊಳ್ಳುವಂತೆ ಮಾಡಿದ. ಅವಳು ಹೆಬ್ಬೆರಳಗಲದ ಅಕ್ಕನನ್ನು ಮತ್ತೆ ತೆರೆದಳು. ಕೈಗೆ ದಾರಿ ಗೊತ್ತಿತ್ತು. ಗಲ್ಲದ ಗೆರೆ ಬಂತು, ಹುಬ್ಬು ಬಂತು. ನಗು ಹಿಡಿದಿಟ್ಟುಕೊಂಡ ತುಟಿ ಬಂತು. ಮೇಲ್ವಿಚಾರಕನ ಮುಂದೆ ಅಕ್ಕ ನಿಲ್ಲುತ್ತಿದ್ದ ರೀತಿಯೇ ಅದು.

“ಸೇವ್,” ಅವನು ಆಗಾಗ ಅನ್ನುತ್ತಿದ್ದ.

“ಮಾಡ್ದೆ ಮಾರಾಯ.”

“ಎಷ್ಟನೇ ಸಲ ಸೇವ್ ಮಾಡಿಸ್ತೀಯೋ ಅವಳ ಕೈಲಿ,” ಎಂದು ಅತ್ತೆ ಬಾಗಿಲಲ್ಲಿ ನಿಂತು ಮೂಗು ಒರೆಸಿಕೊಂಡಳು. “ಜ್ವರ ಇಳಿದಂಗಿದೆ. ಇಬ್ರಿಗೂ.”

ಬಿಸಿಲು ಇಳಿಯುವ ಮೊದಲು ಅಕ್ಕ ಪ್ರಿಂಟ್‌ಗೆ ಹೋದಳು.

ಮರುದಿನ ಬೆಳಿಗ್ಗೆ ಗೋಡೆಯ ಮೇಲೆ ಖಾಲಿ ಜಾಗವಿರಲಿಲ್ಲ. ಮಾಲೀಕನ ಕಾರು ಬಂದು ಗೇಟಿನಲ್ಲಿ ನಿಂತಿತು, ಗಾಜು ಸರಸರ ಮೇಲೇರಿತು. ಗಾಜಿನಲ್ಲೂ ಆ ಮುಖಗಳೇ ಮೂಡಿದವು. ಘೋಷಣೆ ಎದ್ದಿತು. ಅವಳೂ ಕೂಗಿದಳು, ದನಿ ಒಡೆಯುವವರೆಗೆ.

ಸದ್ದು ಅಡಗಿದ ಮೇಲೆ ಪಕ್ಕಕ್ಕೆ ನೋಡಿದಳು. ಅವನು ಅಕ್ಕನನ್ನೇ ನೋಡುತ್ತ ನಿಂತಿದ್ದ. ಎರಡೂ ಕೈ ಬೆನ್ನ ಹಿಂದೆ.

“ಕೈ ಯಾಕೆ ಹಿಂದೆ ಕಟ್ಕೊಂಡಿದ್ದೀಯ?”

“ಏನನ್ನೂ ಮುಟ್ಟಬೇಡಿ ಅಂದಿದ್ರಿ.”

“ಅದು ನಿನ್ನೆ,” ಎಂದಳು ಅವಳು. ತನ್ನ ಕೈ ಚಾಚಿದಳು.